ಬರಡೆಂಬ ನೆಲದಲ್ಲಿ ಬೆಳಗಿನ ಬೆಳಕು

ಸತ್ಯವೇದದಲ್ಲಿ 'ಅಡವಿ' ಎಂಬ ಮಾತನ್ನು ಓದುವಾಗ ನಿಮ್ಮ ಕಣ್ಣ ಮುಂದೆ ಯಾವ ಚಿತ್ರ ಮೂಡುತ್ತದೆ? ಮಲೆನಾಡಿನವರಿಗೆ ದಟ್ಟವಾದ ಕಾಡು ನೆನಪಾಗಬಹುದು. ಚಲನಚಿತ್ರಗಳನ್ನು ನೋಡಿದವರಿಗೆ ಮರಳಿನ ದಿಣ್ಣೆಗಳೂ ಒಂಟೆಗಳ ಸಾಲೂ ಕಾಣಬಹುದು. ನಮ್ಮ ಸಭೆಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಕನ್ನಡ ಸತ್ಯವೇದದ ನಾಲ್ಕನೆಯ ಪುಸ್ತಕಕ್ಕೆ 'ಅರಣ್ಯಕಾಂಡ' ಎಂದೇ ಹೆಸರು. ಆದರೆ ಇಬ್ರಿಯ ಮೂಲದ 'ಮಿದ್ಬಾರ್' ಎಂಬ ಪದವು ದಟ್ಟವಾದ ಕಾಡನ್ನಾಗಲಿ ಬರಿಯ ಮರಳುಗಾಡನ್ನಾಗಲಿ ಸೂಚಿಸುವುದಿಲ್ಲ. ಮಳೆ ಕಡಿಮೆಯಾದ, ಉಳುಮೆಗೆ ಒಗ್ಗದ, ಕಲ್ಲುಮುಳ್ಳುಗಳ ನಡುವೆ ಕುರಿ ಮೇಯಿಸುವ ಬಯಲಿಗೆ ಆ ಹೆಸರು. ಅಂಥ ಅಡವಿಯನ್ನು ಕಾಣಲು ನಾವು ಯೂದಾಯಕ್ಕೆ ಹೋಗಬೇಕಾಗಿಲ್ಲ. ತುಮಕೂರು ಜಿಲ್ಲೆಯ ಕೊರಟಗೆರೆ, ಮಧುಗಿರಿ, ಪಾವಗಡ, ಶಿರಾ ಸೀಮೆಗೆ ಹೋದರೆ ಸಾಕು.

ವರ್ಷಕ್ಕೆ 250 ಮಿಲಿಮೀಟರಿಗಿಂತ ಕಡಿಮೆ ಮಳೆ ಬೀಳುವ ನಾಡನ್ನು ಮರುಭೂಮಿ ಎನ್ನುವುದು ವಾಡಿಕೆ. ಈ ಸೀಮೆಯ ಮಳೆ ಅದಕ್ಕಿಂತ ಹೆಚ್ಚು. ಆದುದರಿಂದ ಇದು ಮರುಭೂಮಿಯಲ್ಲ. ಆದರೂ ಬರಗಾಲದ ಸುದ್ದಿ ಬಂದಾಗಲೆಲ್ಲ ಪಾವಗಡದ ಹೆಸರು ಮೊದಲು ಕೇಳಿಬರುತ್ತದೆ. ಛಾಯಾಚಿತ್ರದ ಹವ್ಯಾಸವುಳ್ಳ ನಾನು ಸಂಕ್ರಾಂತಿ ಕಳೆದ ಮೇಲೆ, ಜನವರಿಯ ಕೊನೆಯ ವಾರದಲ್ಲಿ, ನಾಲ್ಕು ಬೆಳಗುಗಳನ್ನು ಈ ನಾಲ್ಕು ತಾಲ್ಲೂಕುಗಳಲ್ಲಿ ಕಳೆದೆ.

ಬೆಳಗೇ ಏಕೆ ಎಂದು ನೀವು ಕೇಳಬಹುದು. ನಡುಹಗಲಿನಲ್ಲಿ ಬೆಳಕು ನೆತ್ತಿಯ ಮೇಲಿನಿಂದ ಬೀಳುತ್ತದೆ. ನೆರಳುಗಳು ಕುಗ್ಗಿ, ನೆಲವೆಲ್ಲ ಬೂದಿ ಬಳಿದಂತೆ ಚಪ್ಪಟೆಯಾಗಿ ಕಾಣುತ್ತದೆ. ಸೂರ್ಯೋದಯದ ಹೊತ್ತಿನಲ್ಲಿ ಅದೇ ಬೆಳಕು ಓರೆಯಾಗಿ ಬರುತ್ತದೆ. ಆಗ ಪ್ರತಿಯೊಂದು ಕಲ್ಲಿಗೂ ಹುಲ್ಲಿನ ಎಸಳಿಗೂ ಒಂದೊಂದು ನೆರಳು ಹುಟ್ಟುತ್ತದೆ. ಉಬ್ಬುತಗ್ಗುಗಳು ಎದ್ದು ತೋರುತ್ತವೆ. ಇದು ನಿಲ್ಲುವುದು ಅರ್ಧ ಗಂಟೆ ಮಾತ್ರ. ಅದಕ್ಕಾಗಿ ಐದೂವರೆಗೇ ಎದ್ದು, ಮೊಬ್ಬಿನಲ್ಲಿ ಮುಕ್ಕಾಲಿಯನ್ನು ಊರಿ, ಮಸೂರದ ಮೇಲೆ ಕೂರುವ ಇಬ್ಬನಿಯನ್ನು ಒಣಬಟ್ಟೆಯಿಂದ ಒರೆಸುತ್ತ ಕಾಯಬೇಕು.

ಮೊದಲನೆಯ ದಿನ ಕೊರಟಗೆರೆ ತಾಲ್ಲೂಕಿನ ಚನ್ನರಾಯನದುರ್ಗದ ಬೆಟ್ಟದಿಂದ ಮಂಜು ಸರಿಯುವುದನ್ನು ನೋಡಿದೆ. ಮರುದಿನ ಮಧುಗಿರಿಯ ಏಕಶಿಲಾ ಬೆಟ್ಟದ ನೆತ್ತಿಯಲ್ಲಿ ಮೊದಲು ಕೆಂಪು ಹತ್ತಿ, ಮೆಲ್ಲನೆ ಕೆಳಗಿಳಿಯಿತು. ಅದೇ ತಾಲ್ಲೂಕಿನ ಮೈದನಹಳ್ಳಿಯ ಬಳಿ ಸುಮಾರು 798 ಎಕರೆಯ ಹುಲ್ಲುಗಾವಲಿದೆ. ಕೃಷ್ಣಮೃಗಗಳಿರುವ ಈ ಜಾಗವನ್ನು ಸರ್ಕಾರವು 2007ರಲ್ಲಿ ಜಯಮಂಗಲಿ ಸಂರಕ್ಷಿತ ಪ್ರದೇಶವೆಂದು ಘೋಷಿಸಿತು. ಹಗಲಿನಲ್ಲಿ ಆ ದಾರಿಯಲ್ಲಿ ಹೋಗುವವರಿಗೆ ಅದು ಒಣಹುಲ್ಲಿನ ಬಯಲು, ಅಷ್ಟೆ. ಬೆಳಗಿನ ಓರೆಬೆಳಕಿನಲ್ಲಾದರೋ ಸುರುಳಿಕೊಂಬಿನ ಗಂಡು ಮೃಗವೊಂದು ಹುಲ್ಲಿನ ನಡುವಿನಿಂದ ತಲೆಯೆತ್ತಿತು. ಅದು ಮುಂಚಿನಿಂದಲೂ ಅಲ್ಲೇ ನಿಂತಿತ್ತು.

ಶಿರಾ ತಾಲ್ಲೂಕಿನ ಕಗ್ಗಲಡು ಗ್ರಾಮದಲ್ಲಿಯೂ ಇಂಥದೇ ಒಂದು ಸಾಕ್ಷಿಯಿದೆ. ಊರ ಮನೆಗಳ ನಡುವಿನ ಹುಣಸೆಮರಗಳಲ್ಲಿ ಬಣ್ಣದ ಕೊಕ್ಕರೆಗಳೂ ಬೂದು ಬಕಗಳೂ ಗೂಡು ಕಟ್ಟುತ್ತವೆ; ಊರಿನವರು ಅವುಗಳನ್ನು ಕಾಪಾಡಿಕೊಂಡು ಬಂದಿದ್ದಾರೆ. ಇವು ಮೀನು ತಿಂದು ಬದುಕುವ ಹಕ್ಕಿಗಳು. ನಾವು ನೀರಿಲ್ಲದ ಸೀಮೆಯೆಂದು ಕರೆದ ಕಡೆಗೆ ಮರಿಮಾಡಲು ಅವು ವರ್ಷವರ್ಷವೂ ಬರುತ್ತವೆ.

ಇಲ್ಲಿ ನನಗೆ ಹಾಗಾರಳ ನೆನಪಾಯಿತು. ಆದಿಕಾಂಡದ 21ನೆಯ ಅಧ್ಯಾಯದಲ್ಲಿ ಆಕೆ ಬೇರ್ಷೆಬದ ಅಡವಿಯಲ್ಲಿ ಅಲೆಯುತ್ತಾಳೆ. ತಿತ್ತಿಯ ನೀರು ಮುಗಿಯುತ್ತದೆ. ಮಗನು ಸಾಯುವುದನ್ನು ನೋಡಲಾರದೆ, ಅವನನ್ನು ಪೊದೆಯ ಕೆಳಗೆ ಮಲಗಿಸಿ ದೂರ ಹೋಗಿ ಕೂತು ಅಳುತ್ತಾಳೆ. ಆಗ ದೇವರು ಹೊಸದೊಂದು ಬಾವಿಯನ್ನು ತೋಡಿಸಿದನೆಂದು ಅಲ್ಲಿ ಬರೆದಿಲ್ಲ. ಆಕೆಯ ಕಣ್ಣು ತೆರೆಯಿತು, ಬಾವಿ ಕಂಡಿತು ಎಂದಷ್ಟೇ ಇದೆ. ನೆಲದ ಬಗ್ಗೆ ನಾವು ಕೊಡುವ ತೀರ್ಪು ಎಷ್ಟೋ ಸಾರಿ ನಮ್ಮ ನೋಟದ ಅಳತೆಯೇ ಆಗಿರುತ್ತದೆ.

ಈ ಮಾತು ಬರಿಯ ಸೌಂದರ್ಯದ ವಿಚಾರವಲ್ಲ. ಪಾವಗಡ ತಾಲ್ಲೂಕಿನ ತಿರುಮಣಿಯ ಸುತ್ತ ಐದು ಗ್ರಾಮಗಳ ಸುಮಾರು 13,000 ಎಕರೆಯಲ್ಲಿ ಸೌರ ವಿದ್ಯುತ್ ಉದ್ಯಾನ ಹರಡಿದೆ. 2018ರಲ್ಲಿ ಉದ್ಘಾಟನೆಯಾಗಿ, 2019ರ ಕೊನೆಗೆ 2,050 ಮೆಗಾವಾಟ್ ಸಾಮರ್ಥ್ಯವನ್ನು ಮುಟ್ಟಿತು. ಮುಂಜಾವಿನಲ್ಲಿ ದೂರದಿಂದ ಆ ಫಲಕಗಳನ್ನು ನೋಡಿದರೆ ತುಂಬಿದ ಕೆರೆಯೇ ಕಂಡಂತಾಗುತ್ತದೆ. ಭೂಮಿಯನ್ನು ಕೊಳ್ಳದೆ ಗುತ್ತಿಗೆಗೆ ಪಡೆದು, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಬಾಡಿಗೆ ಆರಂಭಿಸಿದರು. ಮಳೆಯನ್ನೇ ನಂಬಿ ಕಡಲೆಕಾಯಿ ಬಿತ್ತಿ ಸೋತ ರೈತರಿಗೆ ಅದೊಂದು ಆಸರೆ. ಹೊಗೆಯಿಲ್ಲದ ವಿದ್ಯುತ್ತು ನಮಗೆಲ್ಲ ಬೇಕಾದದ್ದೇ. ಆದರೆ ಬಾಡಿಗೆ ಸಿಗುವುದು ಪಹಣಿಯಲ್ಲಿ ಹೆಸರಿದ್ದವರಿಗೆ. ಕೂಲಿ ಮಾಡುತ್ತಿದ್ದವರಿಗೂ ಕುರಿ ಮೇಯಿಸುತ್ತಿದ್ದವರಿಗೂ ಅಂಥ ಕಾಗದವಿಲ್ಲ.

ಅಲ್ಲಿಯ ಬೇಲಿಯ ಹೊರಗೆ ಕಂಬಳಿ ಹೊದ್ದ ಹಿರಿಯರೊಬ್ಬರು ಕುರಿಗಳೊಡನೆ ನಿಂತಿದ್ದರು. "ಇಲ್ಲೇನೈತೆ ಅಂತ ಫೋಟೋ ಹಿಡೀತೀರ ಸ್ವಾಮಿ?" ಎಂದರು.

"ನೀವೇ ಹೇಳಿ ಯಜಮಾನರೇ, ಏನಿದೆ?" ಎಂದೆ.

ಅವರು ಕೋಲಿನಿಂದ ಒಂದೊಂದನ್ನೇ ತೋರಿಸಿದರು. "ಎಲಚಿ ಐತೆ, ಜಾಲಿಕಾಯಿ ಐತೆ, ಕಲ್ಲಿನ ಸಂದೀಲಿ ಗರಿಕೆ ಐತೆ. ನನ್ ಕುರಿ ಇದ್ರಾಗೇ ಹೊಟ್ಟೆ ತುಂಬಿಸ್ಕೊಂತವೆ. ಮುಂಚೆ ಆ ಕಡೇನೂ ಮೇಯಿಸ್ತಿದ್ವಿ. ಈಗ ಬೇಲಿ ಹಾಕವ್ರೆ."

ಅವರ ಅಪ್ಪಣೆ ಪಡೆದು ಚಿತ್ರ ತೆಗೆದೆ. ಬೇಲಿಯೂ ಕುರಿಗಳೂ ಒಟ್ಟಿಗೆ ಬರುವಂತೆ ನೋಡಿಕೊಂಡೆ. ಮನುಷ್ಯರೇ ಇಲ್ಲದ ಬಯಲಿನ ಚಿತ್ರವು ನೋಡಲು ಚೆಂದ. ಆದರೆ ಅಂಥ ಚಿತ್ರಗಳನ್ನು ನೋಡಿ ನೋಡಿ ಅಲ್ಲಿ ಯಾರೂ ಇಲ್ಲವೆಂದು ನಂಬುವುದು ಸುಲಭ. ಕಂದಾಯ ದಾಖಲೆಯ 'ಖರಾಬು' ಎಂಬ ಪದವೂ ಅದೇ ಕೆಲಸವನ್ನು ಮಾಡುತ್ತದೆ. ಹೋರೇಬಿನ ಬಳಿ ಮೋಶೆಯು ಉರಿಯುವ ಪೊದೆಯನ್ನು ಕಂಡದ್ದು ಕುರಿ ಮೇಯಿಸುತ್ತಿದ್ದ ಇಂಥ ಅಡವಿಯಲ್ಲೇ ಅಲ್ಲವೇ?

ನಮ್ಮ ಕರ್ತನು ಇನ್ನೂ ಕತ್ತಲಿರುವಾಗಲೇ ಎದ್ದು ನಿರ್ಜನ ಸ್ಥಳಕ್ಕೆ ಹೋಗಿ ಪ್ರಾರ್ಥಿಸಿದನೆಂದು ಮಾರ್ಕನು ಬರೆಯುತ್ತಾನೆ. ಆ ಏಕಾಂತದಿಂದ ಆತನು ನೇರವಾಗಿ ಹೊರಟದ್ದು ಸುತ್ತಣ ಊರುಗಳ ಜನರ ಬಳಿಗೆ. ವಾಚಕರೇ, ನಮ್ಮ ಬೀದಿಯಲ್ಲಿಯೂ ಸಭೆಯಲ್ಲಿಯೂ "ಅವರಲ್ಲಿ ಏನಿದೆ?" ಎಂದು ನಾವು ದಾಟಿಹೋಗುವ ಒಂಟಿ ಮುದುಕರು, ಕೂಲಿಯವರು, ಮಾತು ಕಡಿಮೆಯಾದ ಮಕ್ಕಳು ಇದ್ದಾರೆ. ಈ ಚಳಿಗಾಲದಲ್ಲಿ ಒಂದು ದಿನವಾದರೂ ಬೆಳಕು ಹರಿಯುವ ಮುಂಚೆ ಎದ್ದು ಹೊರಗೆ ಹೋಗಿರಿ. ಕ್ಯಾಮೆರಾ ಇಲ್ಲದಿದ್ದರೂ ಚಿಂತೆಯಿಲ್ಲ. ಅರ್ಧ ಗಂಟೆ ಸುಮ್ಮನೆ ನಿಲ್ಲಿರಿ, ಅಲ್ಲಿ ಯಾರಿದ್ದರೂ ಮಾತನಾಡಿಸಿರಿ. ಹಾಗಾರಳ ಕಣ್ಣುಗಳನ್ನು ತೆರೆದ ದೇವರು ನಮ್ಮ ಕಣ್ಣುಗಳನ್ನೂ ತೆರೆಯಲಿ.