ಧೋಬಿ ತಲಾವಿನಲ್ಲಿ ಒಂದು ಗಿಟಾರು

ಮುಂಬಯಿಯ ಧೋಬಿ ತಲಾವಿಗೆ ಹೋದವರಿಗೆ ಅಲ್ಲಿ ಧೋಬಿಯೂ ಕಾಣಿಸುವುದಿಲ್ಲ, ತಲಾವೂ ಕಾಣಿಸುವುದಿಲ್ಲ. ಅಗಸರು ಬಟ್ಟೆ ಒಗೆಯುತ್ತಿದ್ದ ಕೆರೆಯನ್ನು ಮುಚ್ಚಿ ಎಷ್ಟೋ ಕಾಲವಾಯಿತು, ಹೆಸರೊಂದು ಉಳಿದುಕೊಂಡಿದೆ. ಈಗ ಆ ನಾಲ್ಕೈದು ಬೀದಿಗಳು ಕೂಡುವ ಜಾಗದಲ್ಲಿ ಇರುವುದು 1938ರಲ್ಲಿ ತೆರೆದ ಮೆಟ್ರೊ ಚಿತ್ರಮಂದಿರ, ಇರಾಣಿ ಹೋಟೆಲು, ಆಟದ ಸಾಮಾನಿನ ಅಂಗಡಿಗಳು ಮತ್ತು ವಾದ್ಯದ ಅಂಗಡಿಗಳು. ಮೂವತ್ತು ವರ್ಷ ಈ ಊರಿನಲ್ಲಿದ್ದೂ ನಾನು ಆ ಅಂಗಡಿಗಳ ಮೆಟ್ಟಿಲು ಹತ್ತಿದವನಲ್ಲ. ಈ ವರ್ಷ ಮಗಳು ಹತ್ತಿಸಿದಳು.

ಹತ್ತಿಸಿದಳು ಎಂದರೆ ಪೂರ್ತಿ ನಿಜವಲ್ಲ; ನಾನೇ ಅವಳನ್ನು ಎಳೆದುಕೊಂಡು ಹೋದೆ. ಕಾರಣ ಹೋದ ವರ್ಷದ ರಾಜ್ಯೋತ್ಸವ. ಅವಳಿಗೆ ಹದಿನೇಳು ವರ್ಷ, ಗಿಟಾರಿನ ಹುಚ್ಚು. ಅಂಚೆಯಲ್ಲಿ ತರಿಸಿದ ಆರು ಸಾವಿರ ರೂಪಾಯಿಯ ಎಲೆಕ್ಟ್ರಿಕ್ ಗಿಟಾರನ್ನು ಹೆಗಲಿಗೆ ಹಾಕಿಕೊಂಡು, ನಮ್ಮ ಸಂಘದ ವೇದಿಕೆಯ ಮೇಲೆ ಒಂದು ಭಾವಗೀತೆಗೆ ನಿಂತಳು. ದೀಪಗಳು ಹೊತ್ತಿಕೊಂಡ ಕೂಡಲೆ ಗಿಟಾರು ಜೇನುಗೂಡಿನಂತೆ ಗುಂಯ್‌ಗುಟ್ಟಲು ತೊಡಗಿತು. ಎರಡನೆಯ ಚರಣಕ್ಕೆ ಬರುವಷ್ಟರಲ್ಲಿ ತಂತಿಗಳು ಶ್ರುತಿ ಬಿಟ್ಟವು. ಹಾರ್ಮೋನಿಯಂ ಮಾಸ್ತರರು ಮುಖ ಸಿಂಡರಿಸಿದರು. ಹುಡುಗಿ ಅರ್ಧಕ್ಕೇ ನಿಲ್ಲಿಸಿ ಒಳಕ್ಕೆ ಹೋದಳು. ಆ ಮೇಲೆ ಹತ್ತು ತಿಂಗಳು ಆ ಗಿಟಾರು ಕಪಾಟಿನ ಮೇಲಿಂದ ಕೆಳಗಿಳಿಯಲಿಲ್ಲ. ಅವಳ ಹಾಡೂ ಮನೆಯಲ್ಲಿ ಕೇಳಿಸಲಿಲ್ಲ. ಈ ಸಲ ಕಾರ್ಯಕಾರಿಣಿಯಲ್ಲಿ ಹಿರಿಯರೊಬ್ಬರು, “ಯಾಕ ತೊಂದರಿ? ಮುದ್ರಿಸಿದ ಹಿನ್ನೆಲೆ ಸಂಗೀತ ಹಚ್ಚಿಬಿಡೂಣು” ಎಂದಾಗ ನನಗೆ ಹೊಟ್ಟೆಯಲ್ಲಿ ಚುರುಕ್ ಎಂದಿತು.

ದೀಪಾವಳಿಗೆಂದು ಇಟ್ಟಿದ್ದ 25,000 ರೂಪಾಯಿ ಕಿಸೆಯಲ್ಲಿಟ್ಟುಕೊಂಡು, ಒಂದು ಶನಿವಾರ ಡೊಂಬಿವಲಿಯಿಂದ ಲೋಕಲ್ ಹಿಡಿದು ಹೊರಟೆವು. ಕೊನೆಯ ನಿಲ್ದಾಣದಲ್ಲಿ ಇಳಿದು, ಪಾಲಿಕೆಯ ಕಟ್ಟಡ, ಆಜಾದ್ ಮೈದಾನ, ಸೇಂಟ್ ಝೇವಿಯರ್ಸ್ ಕಾಲೇಜು ಇವನ್ನೆಲ್ಲ ದಾಟಿ ನಡೆದರೆ ಧೋಬಿ ತಲಾವು. ದಾರಿಯುದ್ದಕ್ಕೂ ಮಗಳು ಮಾತಾಡಲಿಲ್ಲ.

ಮೆಟ್ರೊದ ಎದುರಿಗೆ ಜೆರ್ ಮಹಲ್ ಎಂಬ ಹಳೆಯ ಕಟ್ಟಡವಿದೆ. ಕೆಳಗೆ 1904ರಿಂದ ನಡೆದುಬಂದ ಕಯಾನಿ ಹೋಟೆಲು. ಮೇಲಿನ ಮಹಡಿಗಳಲ್ಲಿ ಗೋವೆಯವರ ಊರೊಟ್ಟಿನ ಬಿಡಾರಗಳು. ಅವಕ್ಕೆ ‘ಕೂಡ್’ ಎಂದು ಹೆಸರು. ಹಡಗಿನ ಕೆಲಸಕ್ಕೂ ಬ್ಯಾಂಡಿನ ಕೆಲಸಕ್ಕೂ ಬಂದ ಗೋವೆಯ ತರುಣರು ತಮ್ಮ ತಮ್ಮ ಊರಿನ ಕೂಡಿನಲ್ಲಿ ಪೆಟ್ಟಿಗೆಯಿಟ್ಟು ಚಾಪೆ ಹಾಸಿದವರು. ಹಿಂದಿ ಚಿತ್ರಗಳ ವಾದ್ಯವೃಂದದಲ್ಲಿ ಪಿಟೀಲು, ಕಹಳೆ, ಗಿಟಾರು ನುಡಿಸಿದವರಲ್ಲಿ ಗೋವೆಯವರು ಎಷ್ಟೋ ಮಂದಿ. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಕೋಟೆಯ ಕನ್ನಡ ಶಾಲೆಗಳಲ್ಲಿ ಓದಿದ ನಮ್ಮ ಹುಡುಗರ ಕಥೆಯೂ ಇದೇ ಅಲ್ಲವೆ? ಅವರು ವಾದ್ಯ ಹಿಡಿದರು, ನಾವು ದೋಸೆಯ ಕಾವಲಿ ಹಿಡಿದೆವು; ಊರು ಬಿಟ್ಟ ದುಃಖ ಇಬ್ಬರಿಗೂ ಒಂದೇ. ಇಂಥ ಕಡೆ ವಾದ್ಯದ ವ್ಯಾಪಾರ ಬೇರೂರಿದ್ದರಲ್ಲಿ ಆಶ್ಚರ್ಯವಿಲ್ಲ. 1865ರಲ್ಲಿ ಆರಂಭವಾದ ಫರ್ಟಾಡೋಸ್ ಮನೆತನದ ಅಂಗಡಿ ಈ ಭಾಗದ್ದೇ.

ಮೊದಲು ಹೊಕ್ಕ ಅಂಗಡಿಯ ಹೆಸರು ಹೇಳುವುದಿಲ್ಲ. ಅಲ್ಲಿಯ ಹುಡುಗ ನಮ್ಮನ್ನು ನೋಡಿದವನೇ ಬೆಂಕಿಯ ಚಿತ್ರ ಬರೆದ ಕಪ್ಪು ಗಿಟಾರನ್ನು ಮುಂದೆ ಹಿಡಿದ. ಚೀಲ, ಪಟ್ಟಿ, ಸಣ್ಣ ಆಂಪ್ಲಿಫಯರು ಎಲ್ಲ ಸೇರಿ ಒಂದೇ ಬೆಲೆ. ಮಗಳ ಕಣ್ಣು ಅರಳಿತು. ನನಗೆ ಮಾತ್ರ ನಮ್ಮ ತಂದೆಯವರ ನೆನಪಾಯಿತು. ಅವರು ಧಾರವಾಡದಿಂದ ಮೀರಜಕ್ಕೆ ಹೋಗಿ ತಂಬೂರಿ ಕೊಂಡವರು. ಆಗ ಮುಂಬಯಿಗೆ ಬರುವವರು ಮೀರಜದಲ್ಲಿ ಗಾಡಿ ಬದಲಿಸಬೇಕಾಗಿತ್ತು. ಗಾಡಿ ಬದಲಿಸುವವರ ನಡುವೆ ಇವರು ವಾದ್ಯ ಮಾಡುವವರ ಓಣಿಯಲ್ಲಿ ಇಡೀ ದಿನ ಕಳೆದರು. ದಂತದ ಕುಸುರಿಯ ತಂಬೂರಿಯನ್ನು ಬಿಟ್ಟು, ಮೂಲೆಯಲ್ಲಿದ್ದ ಸಾದಾ ತಂಬೂರಿಯನ್ನು ಕಿವಿಗಿಟ್ಟು ಆರಿಸಿದರು. ಅದು ಇನ್ನೂ ನಮ್ಮ ಮನೆಯಲ್ಲಿದೆ.

“ಇದು ಬ್ಯಾಡವಾ” ಎಂದೆ. ಮಗಳ ಮುಖ ಬಾಡಿತು. “ಅಪ್ಪಾ, ನಿಮಗ ಗಿಟಾರಿನ್ದ ಏನ್ ಗೊತ್ತೈತಿ?” ಎಂದಳು. ಕೇಳಬೇಕಾದ ಪ್ರಶ್ನೆಯೇ. ಉತ್ತರ ನನ್ನಲ್ಲಿರಲಿಲ್ಲ.

ಉತ್ತರ ಸಿಕ್ಕಿದ್ದು ಹಿಂದಿನ ಗಲ್ಲಿಯಲ್ಲಿ ಗಿಟಾರು ದುರಸ್ತಿ ಮಾಡುವ ಒಬ್ಬ ಗೋವೆಯ ಮುದುಕರ ಬಳಿ. ಹಳೆಯ ಗಿಟಾರನ್ನು ನಾವು ಜೊತೆಗೇ ತಂದಿದ್ದೆವು. ಅವರು ಅದನ್ನು ತಿರುಗಿಸಿ ನೋಡಿ, ನಮಗೆ ಒಂದು ಗಂಟೆ ಪಾಠ ಹೇಳಿದರು. ವಾಚಕರ ಮನೆಗಳಲ್ಲೂ ಇಂಥ ಹುಚ್ಚು ಹತ್ತಿದ ಮಕ್ಕಳಿರಬಹುದಾದ್ದರಿಂದ ಅದರ ಸಾರವನ್ನು ಬರೆಯುತ್ತೇನೆ.

ಎಲೆಕ್ಟ್ರಿಕ್ ಗಿಟಾರಿಗೆ ಬುರುಡೆಯಿಲ್ಲ. ತಂತಿಯ ಕೆಳಗೆ ಅಯಸ್ಕಾಂತವಿದೆ. ಅದರ ಸುತ್ತ ಕೂದಲಿನಷ್ಟು ಸಣ್ಣ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿರುತ್ತಾರೆ. ಇದೇ ಪಿಕಪ್. ಮೇಲಿನ ಉಕ್ಕಿನ ತಂತಿ ನಡುಗಿದರೆ ಈ ಸುರುಳಿಯಲ್ಲಿ ವಿದ್ಯುತ್ತು ಹುಟ್ಟುತ್ತದೆ. ಆದರೆ ಒಂಟಿ ಸುರುಳಿ ಬುದ್ಧಿಯಿಲ್ಲದ ಕಿವಿಯಂತೆ: ತಂತಿಯ ದನಿಯ ಜೊತೆಗೆ ಟ್ಯೂಬ್‌ಲೈಟಿನ ಚೋಕು, ವೇದಿಕೆಯ ಡಿಮ್ಮರು ಇವುಗಳ ಗದ್ದಲವನ್ನೂ ಹಿಡಿದುಕೊಳ್ಳುತ್ತದೆ. ಇದಕ್ಕೆ 1955ರಲ್ಲಿ ಅಮೆರಿಕದ ಗಿಬ್ಸನ್ ಕಂಪನಿಯ ಸೇತ್ ಲವರ್ ಎಂಬ ಎಂಜಿನಿಯರರು ಒಂದು ಉಪಾಯ ಕಂಡರು. ಎರಡು ಸುರುಳಿಗಳನ್ನು ಒಂದಕ್ಕೊಂದು ವಿರುದ್ಧವಾಗಿ ಜೋಡಿಸಿದರೆ ಹೊರಗಿನ ಗುಂಯ್‌ಕಾರ ಪರಸ್ಪರ ಅಳಿಸಿಹೋಗಿ, ತಂತಿಯ ದನಿ ಮಾತ್ರ ಕೂಡಿಕೊಳ್ಳುತ್ತದೆ. ಅದೇ ಹಂಬಕರ್. “ಮದುವೆ ಮಂಟಪ, ಶಾಲೆಯ ಸಭಾಂಗಣ ಇಂಥಲ್ಲಿ ನುಡಿಸುವವರಿಗೆ ಒಂದಾದರೂ ಹಂಬಕರ್ ಇರಲಿ” ಎಂದರು ಮುದುಕರು. ತಂತಿ ಮುಟ್ಟಿದಾಗ ಕೈ ಜುಮ್ಮೆಂದರೆ ಮಾತ್ರ ಗಿಟಾರನ್ನು ಆಗಲೇ ಬಿಡಬೇಕು; ಅದು ಅರ್ತಿಂಗಿನ ದೋಷ, ಪ್ರಾಣಕ್ಕೆ ಅಪಾಯ.

ಶ್ರುತಿ ಬಿಡುವುದಕ್ಕೆ ಬಿರಡೆಯೊಂದೇ ಕಾರಣವಲ್ಲ. ದಂಡಿಯ ತುದಿಯಲ್ಲಿ ತಂತಿ ಹಾಯುವ ಕಚ್ಚು ಒರಟಾಗಿದ್ದರೆ ತಂತಿ ಅಲ್ಲಿ ಸಿಕ್ಕಿಕೊಳ್ಳುತ್ತದೆ. ಅಗ್ಗದ ಗಿಟಾರಿನಲ್ಲಿ ದನಿ ತೂಗಿಸುವ ಹಿಡಿಕೆಯಿದ್ದರೆ ಅದೂ ಶ್ರುತಿ ಕೆಡಿಸುತ್ತದೆ; ಕಡಮೆ ಹಣದಲ್ಲಿ ಕೊಳ್ಳುವವರು ಕದಲದ ಕುದುರೆಯಿರುವುದನ್ನು ಆರಿಸುವುದು ಮೇಲು. ದಂಡಿಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಸೊಟ್ಟಗಿದೆಯೇ ನೋಡಬೇಕು. ಪ್ರತಿ ತಂತಿಯನ್ನೂ ಪ್ರತಿ ಮೆಟ್ಟಿಲಿನಲ್ಲಿ ಒತ್ತಿ ನುಡಿಸಬೇಕು, ಎಲ್ಲಿಯೂ ಜರ್ರೆನ್ನಬಾರದು. ಹನ್ನೆರಡನೆಯ ಮೆಟ್ಟಿಲಿನ ಮೇಲೆ ಬೆರಳನ್ನು ಹಗುರವಾಗಿ ತಾಗಿಸಿದಾಗ ಬರುವ ಸ್ವರವೂ ಅಲ್ಲೇ ಒತ್ತಿದಾಗ ಬರುವ ಸ್ವರವೂ ಒಂದಾಗಿರಬೇಕು. ಗುಂಡಿ ತಿರುಗಿಸಿದರೆ ಕರಕರ ಎನ್ನಬಾರದು. ಕೇಬಲು ಚುಚ್ಚುವ ತೂತು ಸಡಿಲವಿರಬಾರದು. ಇಷ್ಟನ್ನೂ ಕುಳಿತು ನೋಡಿದರೆ ಸಾಲದು. ಪಟ್ಟಿ ಹಾಕಿಕೊಂಡು ಹತ್ತು ನಿಮಿಷ ನಿಂತು ನುಡಿಸಬೇಕು, ಏಕೆಂದರೆ ಮೂರೂವರೆ ಕಿಲೋ ಭಾರ ಹೆಗಲಿಗೆ ತಿಳಿಯುವುದು ಆ ಮೇಲೆಯೇ.

ಮಗಳು ಪುಸ್ತಕ ತೆಗೆದು ಬರೆದುಕೊಂಡಳು. ಇರಾಣಿ ಹೋಟೆಲಿನಲ್ಲಿ ಬ್ರುನ್ ಮಸ್ಕಾ ತಿಂದು, ಚಹಾ ಕುಡಿದು, ಮತ್ತೆ ಅಂಗಡಿಗಳನ್ನು ಸುತ್ತಿದೆವು. ಈಗ ಮುಂದೆ ಅವಳು, ಹಿಂದೆ ನಾನು. ಫೆಂಡರ್ ಕಂಪನಿಯ ಅಗ್ಗದ ಮಾಲು ಸ್ಕ್ವಾಯರ್, ಗಿಬ್ಸನ್ನಿನವರದು ಎಪಿಫೋನ್, ಮತ್ತೆ ಯಮಹಾ ಪೆಸಿಫಿಕಾ, ಐಬನೆಜ್ ಜಿಯೋ: ಒಂದೊಂದನ್ನೂ ತೂಗಿ, ಒತ್ತಿ, ಕೇಳಿದಳು. ಒಂದೇ ಮಾದರಿಯ ಎರಡು ಗಿಟಾರುಗಳಲ್ಲಿ ಒಂದು ಜರ್ರೆಂದಿತು, ಇನ್ನೊಂದು ಎನ್ನಲಿಲ್ಲ. ಹೆಸರು ನೋಡಿ ಅಂಚೆಯಲ್ಲಿ ತರಿಸುವವರು ಇದನ್ನು ನೆನಪಿನಲ್ಲಿಡಬೇಕು.

ಕಡೆಗೆ ಆರಿಸಿದ್ದು ಯಾರೋ ಎರಡು ವರ್ಷ ನುಡಿಸಿ ಮಾರಿದ್ದ, ಅಂಚಿನಲ್ಲಿ ಬಣ್ಣ ಹಾರಿದ ಒಂದು ಪೆಸಿಫಿಕಾ. ಕುದುರೆಯ ಬಳಿ ಹಂಬಕರ್, ಮುಂದೆ ಎರಡು ಒಂಟಿ ಸುರುಳಿ. ಹಿಡಿಕೆಯೂ ಅದಕ್ಕಿತ್ತು, ಮುದುಕರು ಹಿಡಿಕೆ ತೆಗೆದಿಟ್ಟು, ಕುದುರೆಯನ್ನು ಕದಲದಂತೆ ಬಿಗಿದು, ಕಚ್ಚುಗಳನ್ನು ತಿದ್ದಿ, ಹೊಸ ತಂತಿ ಕಟ್ಟಿಕೊಟ್ಟರು. ಮೀರಜದ ಕುಶಲಿ ತಂಬೂರಿಗೆ ಜವಾರಿ ತೆಗೆಯುವುದನ್ನೇ ಕಂಡಂತಾಯಿತು. ಆಂಪ್ಲಿಫಯರ್ ಕೊಳ್ಳಲಿಲ್ಲ. ಹತ್ತು ವಾಟಿನದು ಮನೆಗೆ ಸಾಕು, ಡ್ರಮ್ಮಿನ ಮುಂದೆ ಕೇಳಿಸದು. ದೊಡ್ಡದನ್ನು ಲೋಕಲಿನಲ್ಲಿ ಹೊರುವವರಾರು? ಗಿಟಾರನ್ನು ನೇರವಾಗಿ ಸಭಾಂಗಣದ ಮಿಕ್ಸರಿಗೆ ಸೇರಿಸಿದರೆ ದನಿ ಬಡಕಲಾಗುತ್ತದೆಂದು, ಆಂಪ್ಲಿಫಯರಿನ ಗುಣವನ್ನು ಅನುಕರಿಸುವ ಸಣ್ಣ ಪೆಟ್ಟಿಗೆಯೊಂದನ್ನು ಕೊಂಡೆವು. ಒಳ್ಳೆಯ ಕೇಬಲು, ಮೇಲೊಂದು ಜೊತೆ ತಂತಿ. ಕಿಸೆಯಲ್ಲಿ ಉಳಿದದ್ದು ಮರಳಿ ಬರುವ ಟಿಕೆಟಿನ ಹಣಕ್ಕಿಂತ ಸ್ವಲ್ಪ ಹೆಚ್ಚು.

ಹೊರಡುವಾಗ ಮುದುಕರು ಕೇಳಿದರು: “ಜೊತೆಗೆ ಹಾರ್ಮೋನಿಯಂ ಇದೆಯೆ? ಹಾಗಾದರೆ ಯಂತ್ರ ನೋಡಿ ಶ್ರುತಿ ಮಾಡಬೇಡ. ಹಾರ್ಮೋನಿಯಮ್ಮನ್ನು ಅಲ್ಲಿಯೇ ತಿದ್ದಲಾಗದು. ಗಿಟಾರೇ ಅದಕ್ಕೆ ತಗ್ಗಬೇಕು.” ಹೋದ ವರ್ಷದ ಅರ್ಧ ತಪ್ಪು ಅಲ್ಲಿತ್ತೆಂದು ಆಗ ಹೊಳೆಯಿತು.

ನವೆಂಬರ್ ಒಂದರಂದು ಮಗಳು ಅರ್ಧ ಗಂಟೆ ಮೊದಲೇ ವೇದಿಕೆಗೆ ಹೋಗಿ ಹಾರ್ಮೋನಿಯಂ ಮಾಸ್ತರರ ಬಳಿ ಕುಳಿತಳು. “ಮಾಸ್ತರ್ರ, ಷಡ್ಜ ಹಿಡೀರಿ” ಎಂದಳು. ಅವರು ಕನ್ನಡಕದ ಮೇಲಿಂದ ಅವಳನ್ನೊಮ್ಮೆ, ಬಣ್ಣ ಹಾರಿದ ಗಿಟಾರನ್ನೊಮ್ಮೆ ನೋಡಿದರು. ಆ ಮೇಲೆ ಮಾತಿಲ್ಲದೆ ಬಾತೆ ಒತ್ತಿ, ಅವಳ ಆರೂ ತಂತಿ ಕೂಡುವವರೆಗೆ ಬೆರಳು ಎತ್ತದೆ ಸ್ವರ ಹಿಡಿದರು.