ತೀರಿಸಲಾಗದ ಊಟದ ಋಣ

ಬೆಂಗಳೂರಿನ ಗಾಂಧಿ ಬಜಾರಿಗೆ ಹೋದಾಗಲೆಲ್ಲ ನಾವು ವಿದ್ಯಾರ್ಥಿ ಭವನದ ಮುಂದೆ ಒಂದು ಗಳಿಗೆ ನಿಲ್ಲುತ್ತೇವೆ. 1943ರಲ್ಲಿ ಆರಂಭವಾದ ಈ ಉಪಾಹಾರಗೃಹದ ಪರಿಚಾರಕರು ದೋಸೆಯ ತಟ್ಟೆಗಳನ್ನು ತೋಳಿನ ಮೇಲೆ ಪೇರಿಸಿಕೊಂಡು ಬರುವ ನೋಟವೇ ಸೊಗಸು. ಲಾಲ್‌ಬಾಗ್ ರಸ್ತೆಯ ಮಾವಳ್ಳಿ ಟಿಫಿನ್ ರೂಮ್ಸ್ ಇನ್ನೂ ಹಳೆಯದು, 1924ರದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿಯ ಅಭಾವ ತಲೆದೋರಿದಾಗ ಅಲ್ಲಿ ರವೆ ಇಡ್ಲಿ ಹುಟ್ಟಿತೆಂಬುದು ಪ್ರಸಿದ್ಧ.

ಎಂಬತ್ತರ ದಶಕದಲ್ಲಿ ಮಠದ ಪಾಠಶಾಲೆಯಿಂದ ಹೆಚ್ಚಿನ ವ್ಯಾಸಂಗಕ್ಕೆಂದು ನಗರಕ್ಕೆ ಬಂದ ನಮಗೆ ಇವೆಲ್ಲ ಹಬ್ಬದ ದಿನದ ಮಾತು. ಮಹಾತ್ಮ ಗಾಂಧಿ ರಸ್ತೆಯ ಇಂಡಿಯಾ ಕಾಫಿ ಹೌಸಿನಲ್ಲಿ ರುಮಾಲು ಸುತ್ತಿದ ಪರಿಚಾರಕರ ಎದುರು, ಒಂದೇ ಕಾಫಿಯನ್ನು ಇಬ್ಬರು ಹಂಚಿಕೊಂಡು ಗಂಟೆಗಟ್ಟಲೆ ಕುಳಿತದ್ದುಂಟು. 2009ರಲ್ಲಿ ಅದು ಚರ್ಚ್ ಸ್ಟ್ರೀಟಿಗೆ ಸ್ಥಳಾಂತರಗೊಂಡಿತು.

ನಮ್ಮ ನಿತ್ಯದ ಹಸಿವನ್ನು ನೀಗಿಸಿದ್ದು ಮಾತ್ರ ಚಿಕ್ಕಪೇಟೆಯ ಓಣಿಯೊಂದರ ಹೆಸರಿಲ್ಲದ ಖಾನಾವಳಿ. ಒಮ್ಮೆ ವಿದ್ಯಾರ್ಥಿವೇತನ ತಡವಾಗಿ, ಹನ್ನೊಂದು ದಿನ ಕೈಯಲ್ಲಿ ಕಾಸಿರಲಿಲ್ಲ. ಸಂಕೋಚದಿಂದ ಹೊರಗೇ ನಿಂತಿದ್ದ ನಮ್ಮನ್ನು ಕಂಡು ಯಜಮಾನರು, “ಓದುವ ಹುಡುಗ ಉಪವಾಸ ಇರಬಾರದು, ಲೆಕ್ಕ ಆಮೇಲೆ” ಎಂದು ಎಲೆ ಹಾಕಿಸಿದರು. ಪರೀಕ್ಷೆ ಮುಗಿಯಿತು, ಊರು ಸೇರಿದೆವು. ಆ ಬಾಕಿ ಉಳಿದೇಹೋಯಿತು.

ನೌಕರಿ ದೊರೆತ ಮೇಲೆ ಹಣದೊಂದಿಗೆ ಹೋದಾಗ ಅಲ್ಲಿ ಬಟ್ಟೆಯಂಗಡಿ ಇತ್ತು. ಯಜಮಾನರ ಸುಳಿವು ಯಾರಿಗೂ ತಿಳಿದಿರಲಿಲ್ಲ. ಅವರ ಹೆಸರನ್ನೂ ನಾವು ಕೇಳಿಟ್ಟುಕೊಂಡಿರಲಿಲ್ಲವೆಂಬುದು ಆಗ ಹೊಳೆಯಿತು. ಅಂದಿನಿಂದ ವರ್ಷಕ್ಕೆ ಹನ್ನೊಂದು ದಿನ ಒಬ್ಬ ಬಡ ವಿದ್ಯಾರ್ಥಿಯ ಊಟದ ವೆಚ್ಚ ನಮ್ಮದು. ಆದರೂ ಆ ಲೆಕ್ಕ ಮುಗಿದಂತೆ ಅನಿಸುವುದಿಲ್ಲ.

ಓದುಗ ಬಂಧುಗಳೇ, ನಿಮಗೆ ಅನ್ನವಿಟ್ಟವರು ಇನ್ನೂ ಇದ್ದರೆ ಇಂದೇ ಹೋಗಿ ಕಂಡುಬನ್ನಿರಿ.