ತಂತ್ರಾಂಶದವರ ಸಭೆಯಲ್ಲಿ ನಾವು

ಸಭೆಗಳಿಗೆ ಹೋಗಿ ಕುಳಿತುಕೊಳ್ಳುವುದು ನಮಗೆ ಹಳೆಯ ಅಭ್ಯಾಸ. ಶೃಂಗೇರಿಯಲ್ಲಿ ಗಣಪತಿಯ ಹಬ್ಬದ ಕಾಲದಲ್ಲಿ ನಡೆಯುವ ವಾಕ್ಯಾರ್ಥ ಸಭೆಯನ್ನು ಹಿಂದಿನ ಸಾಲಿನಲ್ಲಿ ಕುಳಿತು ಕೇಳಿದ್ದೇವೆ. ಹೊಸಹಳ್ಳಿಯಲ್ಲಿ ಗಮಕ ವಾಚನಕ್ಕೆ ಕುಳಿತು ರಾತ್ರಿಯ ಕಡೆಯ ಬಸ್ಸನ್ನು ಬಿಟ್ಟುಕೊಟ್ಟಿದ್ದೇವೆ. ಉಪಾಧ್ಯಾಯರ ಸಭೆಗಳನ್ನಂತೂ, ಕಾಫಿಯ ಆಸೆಯಿಂದಲೇ ಆಗಲಿ, ತಪ್ಪಿಸಿದವರಲ್ಲ. ಆದರೆ ಗಣಕಯಂತ್ರಗಳಿಗೆ ತಂತ್ರಾಂಶವನ್ನು ಬರೆಯುವ ತರುಣರ ಸಭೆಯಲ್ಲಿ, ರಾಮಶಬ್ದವನ್ನೂ ಭೂಧಾತುವನ್ನೂ ಮೂವತ್ತುಮೂರು ವರ್ಷ ಒಪ್ಪಿಸಿಕೊಂಡು ನಿವೃತ್ತರಾದ ನಮಗೇನು ಕೆಲಸವೆಂದು ವಾಚಕ ಮಹಾಶಯರು ಕೇಳಬಹುದು. ನಮ್ಮ ಮನೆಯಲ್ಲಿಯೂ ಅದನ್ನೇ ಕೇಳಿದರು.

ಕಾರಣ ನಮ್ಮ ತಂಗಿಯ ಮಗಳು. ಆಕೆ ಬೆಂಗಳೂರಿನ ಒಂದು ಕಂಪನಿಯಲ್ಲಿ ತಂತ್ರಾಂಶ ಬರೆಯುವವಳು. ೨೦೨೦ರಲ್ಲಿ ಸಾಂಕ್ರಾಮಿಕ ರೋಗ ಹರಡಿದಾಗ ಕಂಪನಿಯವರು ಎಲ್ಲರನ್ನೂ ಮನೆಗೆ ಕಳುಹಿಸಿದರಷ್ಟೆ. ಅಂದಿನಿಂದ ಶಿವಮೊಗ್ಗದ ತನ್ನ ಮನೆಯ ಮಹಡಿಯ ಕೋಣೆಯಲ್ಲಿ ಕುಳಿತೇ ಕೆಲಸ ಮಾಡುತ್ತ, ಮಂಡಿನೋವಿನಿಂದ ಮೆಟ್ಟಲು ಹತ್ತಲಾರದ ತಾಯಿಯನ್ನು ನೋಡಿಕೊಂಡಿದ್ದಳು. ಈಗ ವಾರಕ್ಕೆ ಮೂರು ದಿನ ಬೆಂಗಳೂರಿನ ಕಚೇರಿಯಲ್ಲಿ ಹಾಜರಿರತಕ್ಕದ್ದೆಂದು ಆಜ್ಞೆ ಬಂದಿದೆ. ಶಿವಮೊಗ್ಗದಲ್ಲಿ ಈ ವೃತ್ತಿಯವರು ತಾವೇ ಕೂಡಿಕೊಂಡು ಒಂದು ಭಾನುವಾರ ಸಭೆ ನಡೆಸುವರೆಂದು ತಿಳಿದು, ಇದ್ದ ಊರಿನಲ್ಲಿಯೇ ಕೆಲಸ ಕೊಡುವವರು ಯಾರಾದರೂ ಇದ್ದಾರೆಯೇ ನೋಡುವ ಎಂದು ಹೊರಟಿದ್ದಳು. ನಮ್ಮನ್ನು ಕರೆದುದಕ್ಕೆ ಬೇರೆ ನೆಪ.

“ಮಾವ, ಮಧ್ಯಾಹ್ನದ ಮೇಲೆ ಕನ್ನಡದ ವಿಷಯ ಬರುತ್ತದೆ. ಅಲ್ಲಿರುವವರೆಲ್ಲ ಯಂತ್ರ ಬಲ್ಲವರು. ವ್ಯಾಕರಣ ಬಲ್ಲವರು ಒಬ್ಬರೂ ಇಲ್ಲ. ನೀವು ಬರಲೇಬೇಕು” ಎಂದಳು.

ಊರಿನಲ್ಲಿಯೇ ಕೆಲಸವೆಂಬ ಮಾತಿನ ಬೆಲೆ ನಮ್ಮ ಭದ್ರಾವತಿಯವರಿಗೆ ಗೊತ್ತು. ೧೯೧೮ರಲ್ಲಿ ಮೈಸೂರು ಸರ್ಕಾರ ಇಲ್ಲಿ ಕಬ್ಬಿಣದ ಕಾರ್ಖಾನೆಯನ್ನು ಆರಂಭಿಸಿತು. ೧೯೨೩ರಲ್ಲಿ ಕುಲುಮೆ ಹೊತ್ತಿತು. ಅದನ್ನು ನಷ್ಟದಿಂದ ಎತ್ತಿ ನಿಲ್ಲಿಸಿದವರು ವಿಶ್ವೇಶ್ವರಯ್ಯನವರು. ೧೯೩೬ರಲ್ಲಿ ಕಾಗದದ ಕಾರ್ಖಾನೆಯೂ ಬಂದಿತು. ತರಗತಿಯಲ್ಲಿ ವಿಭಕ್ತಿ ಬಾರದ ಹುಡುಗನನ್ನು ಗದರಿಸಿದರೆ, “ಕಾರ್ಖಾನೆ ಇದೆಯಲ್ಲ ಸಾರ್” ಎಂದು ನಗುತ್ತಿದ್ದ ಕಾಲವನ್ನು ನಾವು ನೋಡಿದ್ದೇವೆ. ಕಾಗದದ ಕಾರ್ಖಾನೆ ನಿಂತು ವರ್ಷಗಳಾದುವು. ಕಬ್ಬಿಣದ ಕಾರ್ಖಾನೆಯನ್ನು ಮುಚ್ಚಬೇಕೆಂದು ೨೦೨೩ರ ಜನವರಿಯಲ್ಲಿ ನಿಶ್ಚಯವಾಗಿ, ಕಾರ್ಮಿಕರು ಬೀದಿಗಿಳಿದ ಮೇಲೆ ಅದೇ ವರ್ಷ ಸ್ವಲ್ಪಮಟ್ಟಿಗೆ ಕೆಲಸ ಪುನಃ ನಡೆಯಿತು. ಅದೇ ೨೦೨೩ರ ಫೆಬ್ರವರಿಯಲ್ಲಿ ಸೋಗಾನೆಯ ವಿಮಾನ ನಿಲ್ದಾಣ ತೆರೆಯಿತು. ಮಕ್ಕಳು ಊರು ಬಿಟ್ಟು ಹೋಗುವುದಕ್ಕೆ ಅನುಕೂಲ ಹೆಚ್ಚುತ್ತಲೇ ಇದೆ. ಉಳಿಯುವುದಕ್ಕೆ ಮಾತ್ರ ಯಾರೂ ಏರ್ಪಾಟು ಮಾಡಿದಂತೆ ಕಾಣದು.

ಬೆಂಗಳೂರಿನಲ್ಲಿ ಇಂಥ ಸಭೆಗಳು ಹೊಸವಲ್ಲವಂತೆ. ೨೦೦೧ರಲ್ಲಿ ಲಿನಕ್ಸ್ ಬೆಂಗಳೂರು ಎಂಬ ಹೆಸರಿನಿಂದ ಒಂದು ಆರಂಭವಾಗಿ, ಮುಂದೆ ಫಾಸ್ ಡಾಟ್ ಇನ್ ಎಂದು ಹೆಸರು ಪಡೆದು ೨೦೧೨ರವರೆಗೆ ನಡೆಯಿತು. ಪೈಥಾನ್ ಎಂಬ ಗಣಕಭಾಷೆಯವರ ಭಾರತೀಯ ಸಮ್ಮೇಳನ ಮೊಟ್ಟಮೊದಲು ಸೇರಿದ್ದು ೨೦೦೯ರಲ್ಲಿ, ಅಲ್ಲಿನ ವಿಜ್ಞಾನ ಮಂದಿರದಲ್ಲಿ. ಶಿವಮೊಗ್ಗದ ಸಭೆ ಅಷ್ಟು ದೊಡ್ಡದಲ್ಲ. ಒಂದು ತಾಂತ್ರಿಕ ವಿದ್ಯಾಲಯದ ಸಭಾಂಗಣ; ನೂರು ನೂರಿಪ್ಪತ್ತು ಮಂದಿ. ಬಾಗಿಲಲ್ಲಿ ಹೆಸರು ಬರೆದ ಚೀಟಿಯನ್ನು ದಾರದಲ್ಲಿ ಕಟ್ಟಿ ಕೊರಳಿಗೆ ಹಾಕಿದರು. ನಮ್ಮ ಪಂಚೆಯನ್ನೂ ಶಲ್ಯವನ್ನೂ ನೋಡಿ, ಯಾವುದೋ ಹುಡುಗನ ಅಜ್ಜನಿರಬೇಕೆಂದು ಒಬ್ಬನು ಕುರ್ಚಿ ತಂದಿಟ್ಟನು. ಪ್ರತಿಯೊಬ್ಬರ ಲ್ಯಾಪ್‌ಟಾಪಿನ ಮುಚ್ಚಳದ ಮೇಲೂ ಬಣ್ಣಬಣ್ಣದ ಚೀಟಿಗಳು ಅಂಟಿದ್ದುವು. ಒಂದರ ಮೇಲೆ ಪೆಂಗ್ವಿನ್ ಹಕ್ಕಿ, ಒಂದರ ಮೇಲೆ ಹೆಣೆದುಕೊಂಡ ಎರಡು ಹಾವು. ನಾಮಮುದ್ರೆಗಳಿಂದ ಮತವನ್ನು ಗುರುತಿಸುವಂತೆ ಈ ಚೀಟಿಗಳಿಂದ ಯಾರು ಯಾವ ಪಂಥದವರೆಂದು ಗುರುತಿಸಬಹುದೆಂದು ನಮ್ಮ ಹುಡುಗಿ ತಿಳಿಸಿದಳು.

ಬೆಳಗಿನ ಉಪನ್ಯಾಸಗಳಲ್ಲಿ ನಮಗೆ ತಿಳಿದುದು ರೂಪಾಯಿಗೆ ನಾಲ್ಕಾಣೆ. ಆದರೂ ಅವರ ಸಭೆಯ ನಡವಳಿಕೆ ನಮಗೆ ಬಹಳ ಹಿಡಿಸಿತು. ಸಭಾಪತಿಗಳ ಸ್ವಾಗತವಿಲ್ಲ, ಹಾರವಿಲ್ಲ, ವಂದನಾರ್ಪಣೆಯಿಲ್ಲ. ಅರ್ಧ ಗಂಟೆಯಾದರೆ ಎಂಥವರೂ ಇಳಿಯಬೇಕು. ಇಪ್ಪತ್ತು ವರ್ಷದ ವಿದ್ಯಾರ್ಥಿನಿಯೊಬ್ಬಳು ಎದ್ದು, ಉಪನ್ಯಾಸಕರು ತೋರಿಸಿದ ಕ್ರಮ ಇಂಥ ಸಂದರ್ಭದಲ್ಲಿ ಕೆಡುವುದೆಂದು ಹೇಳಲು, ಆತನು ಸ್ವಲ್ಪ ಹೊತ್ತು ಯೋಚಿಸಿ, “ಹೌದು, ಅದನ್ನು ದಯವಿಟ್ಟು ಬರೆದು ಕಳುಹಿಸಿ” ಎಂದನು. ವಿದ್ವತ್ಸಭೆಗಳಲ್ಲಿ ಪೂರ್ವಪಕ್ಷದವರಿಗೆ ಇಷ್ಟು ಸೌಮ್ಯವಾದ ಉತ್ತರ ದೊರೆತುದನ್ನು ನಾವು ಹೆಚ್ಚಾಗಿ ಕಂಡಿಲ್ಲ. ದೋಷವನ್ನು ಇವರು ‘ಬಗ್’, ಎಂದರೆ ಹುಳು, ಎನ್ನುವರು. ೧೯೪೭ರಲ್ಲಿ ಅಮೆರಿಕದ ಹಾರ್ವರ್ಡಿನ ಗಣಕವೊಂದರೊಳಗೆ ನಿಜವಾದ ಪತಂಗವೇ ಸಿಕ್ಕಿಕೊಂಡಿದ್ದು, ಅದನ್ನು ದಿನಚರಿಯ ಪುಸ್ತಕದಲ್ಲಿ ಅಂಟಿಸಿಟ್ಟರಂತೆ; ಮಾತು ಅದಕ್ಕಿಂತ ಹಳೆಯದು. ಹುಳುವೆಂದು ಕರೆದುದರಿಂದ ಒಂದು ಉಪಕಾರವಾಗಿದೆ: ಹುಳು ಬಿದ್ದರೆ ಆರಿಸಿ ತೆಗೆಯುತ್ತಾರೆಯೇ ಹೊರತು ಅಡಿಗೆ ಮಾಡಿದವರ ವಂಶವನ್ನು ಎಣಿಸುವುದಿಲ್ಲ.

ಊಟದ ಹೊತ್ತಿನಲ್ಲಿ ಮಹನೀಯರೊಬ್ಬರು ನಾವು ಸಂಸ್ಕೃತದವರೆಂದು ಕೇಳಿ ಹತ್ತಿರ ಬಂದರು. ಗಣಕಯಂತ್ರಕ್ಕೆ ಸಂಸ್ಕೃತವೇ ಅತ್ಯುತ್ತಮ ಭಾಷೆಯೆಂದು ಅಮೆರಿಕದವರೇ ಒಪ್ಪಿದ್ದಾರೆ, ಮತ್ತೂರಿನ ಹುಡುಗರು ತಂತ್ರಾಂಶದಲ್ಲಿ ಮುಂದೆ ಬಂದುದಕ್ಕೆ ಅದೇ ಕಾರಣ ಎಂದು ಬಹು ಉತ್ಸಾಹದಿಂದ ಹೇಳಿದರು. ಹೊಗಳಿಕೆ ನಮ್ಮ ಭಾಷೆಗೇ ಆದರೂ ಒಪ್ಪಿಕೊಳ್ಳಲಾಗಲಿಲ್ಲ. ೧೯೮೫ರಲ್ಲಿ ರಿಕ್ ಬ್ರಿಗ್ಸ್ ಎಂಬವರು ಒಂದು ಲೇಖನ ಬರೆದರು. ೧೯೮೬ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಅದೇ ವಿಷಯವಾಗಿ ಶಾಸ್ತ್ರಿಗಳೂ ಗಣಕತಜ್ಞರೂ ಒಟ್ಟಿಗೆ ಸಭೆ ಸೇರಿದರು. ಬ್ರಿಗ್ಸ್ ಹೇಳಿದುದು, ವಾಕ್ಯದ ಅರ್ಥವನ್ನು ಬಿಡಿಸಿ ಹೇಳುವ ನಮ್ಮ ಶಾಸ್ತ್ರಕಾರರ ರೀತಿಗೂ ಯಂತ್ರಕ್ಕೆ ಅರ್ಥವನ್ನು ತಿಳಿಸಲು ಹೊಸಬರು ಕಂಡುಕೊಂಡ ರೀತಿಗೂ ಹೋಲಿಕೆಯಿದೆಯೆಂದು. ಯಂತ್ರ ಸಂಸ್ಕೃತದಲ್ಲಿ ನಡೆಯುವುದೆಂದು ಅಲ್ಲ. ಮತ್ತೂರಿನ ಮಕ್ಕಳು ಮುಂದೆ ಬಂದುದು ಬೆಳಗಿನ ಜಾವದಲ್ಲಿ ಎದ್ದು ಕುಳಿತು ಪಾಠ ಗಟ್ಟಿಮಾಡುವ ಅಭ್ಯಾಸದಿಂದ ಎಂದೇ ನಮ್ಮ ಎಣಿಕೆ. ಪಾಣಿನಿಗೆ ಇಂಥ ಹೊಗಳಿಕೆ ಬೇಕಾಗಿಯೂ ಇಲ್ಲ. ಗಣಕಭಾಷೆಗಳ ವ್ಯಾಕರಣವನ್ನು ಬರೆಯುವ ಒಂದು ಕ್ರಮಕ್ಕೆ ಪಾಣಿನಿಯ ಹೆಸರನ್ನೂ ಸೇರಿಸಬೇಕೆಂದು ೧೯೬೭ರಲ್ಲಿಯೇ ಇಂಗರ್‌ಮನ್ ಎಂಬ ವಿದ್ವಾಂಸರು ಪತ್ರ ಬರೆದಿದ್ದರು, ಅಷ್ಟು ಸಾಲದೇ?

ಮಧ್ಯಾಹ್ನದ ಮೇಲೆ ಕನ್ನಡದ ವಿಷಯ ಬಂದಿತು. ಮಾತನಾಡಿದವನು ಸಾಗರದ ಕಡೆಯ ಹುಡುಗ. ಕನ್ನಡವನ್ನು ಯಂತ್ರಕ್ಕೆ ತಂದವರನ್ನು ಮೊದಲು ನೆನೆದನು: ಕೀಲಿಮಣೆಗೆ ಕ್ರಮವನ್ನು ಕೊಟ್ಟ ಕೆ. ಪಿ. ರಾವ್, ೧೯೯೮ರಲ್ಲಿ ‘ಬರಹ’ವನ್ನು ಹೊರತಂದ ಶೇಷಾದ್ರಿವಾಸು, ‘ನುಡಿ’ಯ ಕನ್ನಡ ಗಣಕ ಪರಿಷತ್ತು, ತಮ್ಮ ಕಡೆಯ ವರ್ಷಗಳಲ್ಲಿ ಇದಕ್ಕಾಗಿ ಜಗಳವಾಡಿದ ನಮ್ಮ ಜಿಲ್ಲೆಯವರೇ ಆದ ಪೂರ್ಣಚಂದ್ರ ತೇಜಸ್ವಿ. ತರುವಾಯ ಯಂತ್ರ ಅಕ್ಷರವನ್ನು ಹೇಗೆ ಇಟ್ಟುಕೊಳ್ಳುವುದೆಂದು ವಿವರಿಸಿದನು. ಅಲ್ಲಿ ಅಕ್ಷರವಿಲ್ಲ, ಸಂಖ್ಯೆ ಮಾತ್ರ. ಯುನಿಕೋಡ್ ಎಂಬ ಜಗತ್ತಿನ ಪಟ್ಟಿಯಲ್ಲಿ ನಮ್ಮ ಕಕಾರ ೩೨೨೧. ದೇವನಾಗರಿಯ ಕಕಾರ ೨೩೨೫. ನಾವು ಚೀಟಿಯ ಮೇಲೆ ಕಳೆದು ನೋಡಲಾಗಿ ಅಂತರ ೮೯೬, ಅಕಾರಕ್ಕೂ ೮೯೬, ವರ್ಗಾಕ್ಷರಗಳಿಗೂ ಅಷ್ಟೇ. ಭಾರತದಲ್ಲಿ ೧೯೮೮ರಲ್ಲಿ ಗೊತ್ತುಮಾಡಿದ ಸಂಕೇತಗಳ ಕ್ರಮವನ್ನೇ ೧೯೯೧ರಲ್ಲಿ ಹೊರಬಂದ ಆ ಪಟ್ಟಿಯವರು ಅನುಸರಿಸಿದರಂತೆ. ಹೀಗೆ ನಮ್ಮ ವರ್ಣಮಾಲೆಯ ಸಾಲು ಕದಲದೆ ಯಂತ್ರದೊಳಕ್ಕೆ ಹೋಗಿ ಕುಳಿತಿದೆ. ಇನ್ನು ಕ್ಷಕಾರ. ಮಗ್ಗಿಯಂತೆ ಓದುವ ಮಕ್ಕಳಿಗೆ ಅದು ಒಂದೇ ಅಕ್ಷರ. ಯಂತ್ರಕ್ಕೆ ಅದು ಕಕಾರ, ಹಲಂತದ ಗುರುತು, ಷಕಾರ ಎಂಬ ಮೂರು ಸಂಖ್ಯೆಗಳು. ವೈಯಾಕರಣನೂ ಯಂತ್ರದ ಪಕ್ಷವೇ.

ಆಮೇಲೆ ಆತನು ತೋರಿಸಿದುದನ್ನು ಕಂಡು ನಾವು ಕುರ್ಚಿಯ ಅಂಚಿಗೆ ಬಂದೆವು. ಬರಿದೇ ಟೈಪು ಮಾಡಿದರೆ ವಕಾರವು ಟಕಾರದ ಕೆಳಗೆ ಒತ್ತಾಗಿ ಹೋಗಿ ‘ಸಾಫ್ಟ್ವೇರ್’ ಎಂದು ಮೂಡುವುದು. ಅದು ‘ಸಾಫ್ಟ್‌ವೇರ್’ ಎಂದು ಬಿಡಿಯಾಗಿ ನಿಲ್ಲಬೇಕಾದರೆ ಮಧ್ಯೆ ಕಣ್ಣಿಗೆ ಕಾಣದ, ಉಚ್ಚಾರಣೆಯೂ ಇಲ್ಲದ, ಅಗಲವೂ ಇಲ್ಲದ ಒಂದು ಅಕ್ಷರವನ್ನು ಇಡಬೇಕು. ಅದರ ಕೆಲಸ ಸೇರಬೇಡವೆಂದು ಹೇಳುವುದು, ಅಷ್ಟೇ. ಇದು ಎಂಥ ಅಕ್ಷರವೆಂದು ಸಭೆಯಲ್ಲಿ ನಗು ಎದ್ದಿತು. ನಾವು ಎದ್ದು ನಿಂತು ಅಪ್ಪಣೆ ಕೇಳಿದೆವು. ಪಾಣಿನಿಯಲ್ಲಿ ‘ಇತ್’ ಎಂಬ ಅಕ್ಷರಗಳಿವೆ. ಹದಿನಾಲ್ಕು ಮಾಹೇಶ್ವರ ಸೂತ್ರಗಳ ಕೊನೆಯಲ್ಲಿ ನಿಂತ ವ್ಯಂಜನಗಳು ಅಂಥವು. ‘ಅಚ್’ ಎಂದರೆ ಸ್ವರಗಳೆಲ್ಲ, ‘ಹಲ್’ ಎಂದರೆ ವ್ಯಂಜನಗಳೆಲ್ಲ. ಚಕಾರ ಲಕಾರಗಳು ಎಲ್ಲೆಯನ್ನು ತೋರಿಸಿ ತಾವು ಲೋಪವಾಗುವುವು. ನಿಮ್ಮ ಕಾಣದ ಅಕ್ಷರಕ್ಕೆ ಅವು ಹಿರಿಯ ಬಂಧುಗಳು ಎಂದೆವು. ಮಾತು ಐದು ನಿಮಿಷವಾಗಿರಬಹುದು. ಬೆಳಗಿನಿಂದ ಇಂಗ್ಲಿಷಿನಲ್ಲಿಯೇ ನಡೆದ ಸಭೆ ಅಲ್ಲಿಂದ ಮುಂದೆ ಕನ್ನಡಕ್ಕೆ ತಿರುಗಿತು. ಅವರಿಗೆ ಕನ್ನಡದಲ್ಲಿ ಅನಾದರವೆಂದು ಹೇಳಲಾರೆವು. ಚಹಾದ ಹೊತ್ತಿನಲ್ಲಿ ತೀರ್ಥಹಳ್ಳಿಯ ಕನ್ನಡ, ಶಿಕಾರಿಪುರದ ಕನ್ನಡ ಎಲ್ಲವೂ ಕೇಳಿತ್ತು. ವೃತ್ತಿಯ ಮಾತುಗಳನ್ನು ಅವರಿಗೆ ಕನ್ನಡದಲ್ಲಿ ಹೇಳಿಕೊಟ್ಟವರಿಲ್ಲ.

ಆ ಮಾತುಗಳ ವಿಚಾರವೇ ಕಡೆಯಲ್ಲಿ ಚರ್ಚೆಗೆ ಬಂದಿತು. ಯಾರು ಬೇಕಾದರೂ ಕಾಸಿಲ್ಲದೆ ಬಳಸಬಹುದಾದ ಒಂದು ಲೆಕ್ಕಪತ್ರದ ತಂತ್ರಾಂಶವನ್ನು ಅಂಗಡಿಯವರಿಗೂ ಸ್ತ್ರೀಸಂಘಗಳಿಗೂ ಒದಗುವಂತೆ ಕನ್ನಡಕ್ಕೆ ತರುತ್ತಿದ್ದಾರೆ. ಬರೆದುದನ್ನು ಕಾಪಾಡುವ ಗುಂಡಿಗೆ ‘ಉಳಿಸು’ ಎಂದೂ, ತೊಡೆದುಹಾಕುವ ಗುಂಡಿಗೆ ‘ಅಳಿಸು’ ಎಂದೂ ಹೆಸರಿಟ್ಟಿದ್ದಾರೆ. ಎರಡೂ ಅಚ್ಚಗನ್ನಡ, ಎರಡೂ ಚೆಲುವಾದ ಮಾತು. ಆದರೆ ನಾಲ್ಕಾರು ಅಂಗುಲದ ಫೋನಿನ ಮೇಲೆ, ಕನ್ನಡಕ ಮರೆತು ಬಂದ ಹೆಂಗಸಿಗೆ ಇವೆರಡಕ್ಕೂ ಇರುವ ಭೇದ ಮೊದಲನೆಯ ಸ್ವರವೊಂದೇ! ಉಕಾರವನ್ನು ಅಕಾರವೆಂದು ಓದಿದರೆ ಸಂಘದ ತಿಂಗಳ ಲೆಕ್ಕವೆಲ್ಲ ಹೋಯಿತು. ಇದನ್ನು ಹೇಳಿದಾಗ ಸಭೆ ಸ್ತಬ್ಧವಾಯಿತು. ಊಟದ ಹೊತ್ತಿನ ಮಹನೀಯರು ‘ಸಂರಕ್ಷಿಸು’, ‘ನಿರ್ಮೂಲಿಸು’ ಎಂದು ಇಡಬಹುದೆಂದರು. ಜೀವಮಾನವೆಲ್ಲ ಸಂಸ್ಕೃತದ ಅನ್ನವನ್ನುಂಡ ನಾವೇ ಅದನ್ನು ವಿರೋಧಿಸಬೇಕಾಯಿತು. ಅಂಗಡಿಯಲ್ಲಿ ಕುಳಿತವನು ಯಾವುದನ್ನೂ ನಿರ್ಮೂಲಿಸುವುದಿಲ್ಲ. ‘ತೆಗೆದುಹಾಕು’ ಎಂದು ನಮ್ಮ ಸೂಚನೆ. ಗುಂಡಿಯಲ್ಲಿ ಹಿಡಿಸದೆಂದು ಒಬ್ಬನು. ಸ್ಲೇಟಿನ ಕಾಲದಿಂದಲೂ ಅಳಿಸುವುದೆಂದೇ ಅಲ್ಲವೇ ಎಂದು ಸೊರಬದ ಕಡೆಯ ಹುಡುಗಿಯೊಬ್ಬಳು. ಆಕೆಯ ಮಾತಿನಲ್ಲಿಯೂ ಹುರುಳಿದೆ.

ಸಭೆ ಮುಗಿದ ಮೇಲೆ ನಮ್ಮ ಹುಡುಗಿ ಮೂರು ನಾಲ್ಕು ಮಂದಿಯೊಡನೆ ಮಾತನಾಡಿದಳು. ಅಡಿಕೆ ಮಂಡಿಗಳಿಗೆ ಲೆಕ್ಕದ ತಂತ್ರಾಂಶ ಮಾಡಿಕೊಡುವ ಒಬ್ಬರು, ಆರು ಜನರ ಸಣ್ಣ ಕಚೇರಿ, ಬರಬಹುದೆಂದರು. ಸಂಬಳ ಈಗಿನದರ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಬಸ್ಸಿನ ಬಳಿಗೆ ನಮ್ಮನ್ನು ಬಿಡಲು ಬಂದವಳು, “ಏನು ಮಾಡಲಿ ಮಾವ?” ಎಂದಳು. ಮನೆಯ ಸಾಲದ ಕಂತು ಇನ್ನೂ ಎಂಟು ವರ್ಷವಿದೆ. ನಿನ್ನ ತಾಯಿ ಬೆಂಗಳೂರಿಗೆ ಬರುವಳೇ ಎಂದು ಕೇಳಿದೆವು. ಬರುವುದಿಲ್ಲವೆಂದು ನಮಗೂ ಗೊತ್ತಿತ್ತು. ಉತ್ತರ ಕೊಡಲು ಆಕೆ ಒಂದು ತಿಂಗಳ ಅವಕಾಶ ಕೇಳಿದ್ದಾಳೆ. ಅದರಲ್ಲಿ ಹದಿನೆಂಟು ದಿನ ಕಳೆದಿದೆ.

ಈ ನಡುವೆ ಆ ತಂತ್ರಾಂಶದ ವಾಕ್ಯಗಳ ಪಟ್ಟಿಯನ್ನು ತಿದ್ದಿಕೊಡಬೇಕೆಂದು ಸಾಗರದ ಹುಡುಗನು ನಮಗೆ ಕಳುಹಿಸಿದನು. ಒಟ್ಟು ನಾನೂರಹನ್ನೆರಡು ವಾಕ್ಯ. ಭಾನುವಾರ ಸಂಜೆ ನಮ್ಮ ಹುಡುಗಿ ಭದ್ರಾವತಿಗೆ ಬಂದು ಓದುತ್ತಾಳೆ, ನಾವು ತಿದ್ದುತ್ತೇವೆ, ನಮ್ಮ ಮನೆಯವರು ಒಳಗಿನಿಂದಲೇ, “ಅದು ನಮಗೆ ತಿಳಿಯಲಿಲ್ಲ” ಎನ್ನುತ್ತಾರೆ, ಪುನಃ ತಿದ್ದುತ್ತೇವೆ. ನೂರತೊಂಬತ್ತು ಮುಗಿದಿದೆ. ಅಳಿಸುವ ಗುಂಡಿಯ ಎದುರಿನ ಮನೆ ಮಾತ್ರ ಇನ್ನೂ ಖಾಲಿಯಾಗಿದೆ. ವಾಚಕರಲ್ಲಿ ಯಾರಿಗಾದರೂ ಮೂರಕ್ಷರದ ಒಳಗಿನ ಮಾತು ಹೊಳೆದರೆ ತಿಳಿಸಬೇಕೆಂದು ಪ್ರಾರ್ಥನೆ.